ಕಾಮಣ್ಣನ ಬೆಂಕಿಯಲ್ಲಿ ಉಳಿದ ಮೊಳೆ

ಕಳೆದ ತಿಂಗಳು ಬ್ಯಾಟರಿ ಹುಡುಕುತ್ತ ಅಡುಗೆಮನೆಯ ಡ್ರಾಯರಿನಲ್ಲಿ ಕೈಯಾಡಿಸುವಾಗ ಆ ಮೊಳೆ ಬೆರಳಿಗೆ ತಾಗಿತು. ಗೇಣುದ್ದದ, ಚೌಕ ಮೈಯ, ಕಮ್ಮಾರ ಬಡಿದು ಮಾಡಿದ ಕಬ್ಬಿಣದ ಮೊಳೆ. ಎರಡು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ತುಕ್ಕಿನ ವಾಸನೆ ಹೋಗಲಿಲ್ಲ. ಸಂಜೆ ಚಪಾತಿ ಹಿಟ್ಟು ನಾದುವಾಗಲೂ ಅದೇ ವಾಸನೆ... ಪಕ್ಕದ ಮನೆಯ ಅಂಕಲ್ ನೆನಪಾದರು.

ನಾವು ಮಿಶಿಗನ್ನಿನ ಕ್ಯಾಂಟನ್ ಊರಿನ ಈ ಸಬ್‌ಡಿವಿಷನ್ನಿಗೆ ಬಂದಾಗ ಅವರು ಕಾರು ಕಂಪನಿಯ ಕೆಲಸದಿಂದ ರಿಟೈರ್ ಆಗಿ ಒಂದು ವರ್ಷವಾಗಿತ್ತು. ಮೈಸೂರಿನವರು. ಜೀವನವಿಡೀ ಉಕ್ಕಿನ ಅಚ್ಚು ಮಾಡಿದ ಮನುಷ್ಯ ಮುಪ್ಪಿನಲ್ಲಿ ಮರದ ಹಡಗಿಗೆ ಮರುಳಾಗಿದ್ದರು. ಚಳಿಗಾಲದಲ್ಲಿ ಹೊತ್ತು ಕಳೆಯಲು ಲೈಬ್ರರಿಗೆ ಹೋಗಿ ಹಳೆಯ ಪೇಪರುಗಳನ್ನು ಓದುತ್ತಿದ್ದಾಗ ಅದರ ಸುದ್ದಿ ಕಣ್ಣಿಗೆ ಬಿತ್ತಂತೆ. ಅದು ಸ್ಕೂನರ್, ಎಂದರೆ ಎರಡು ಎತ್ತರದ ಕಂಬಗಳಿಗೆ ಹಾಯಿ ಕಟ್ಟಿದ ಹಡಗು. ಇಡೀ ಮೈ ಓಕ್ ಮರದ್ದು. ಮಿಶಿಗನ್ನಿನ ಉತ್ತರದ ಕಾಡುಗಳಿಂದ ಹಲಗೆ ತುಂಬಿಕೊಂಡು ಶಿಕಾಗೋಗೆ ಹೋಗುತ್ತಿತ್ತು. ದೊಡ್ಡ ಬೆಂಕಿ ಬಿದ್ದು ಸುಟ್ಟುಹೋಗಿದ್ದ ಆ ಊರಿನ ಎಷ್ಟೋ ಮನೆಗಳಿಗೆ ಅದು ಹೊತ್ತ ಹಲಗೆಯೇ ಗೋಡೆಯಾಯಿತಂತೆ. ಒಂದು ನವೆಂಬರಿನಲ್ಲಿ, ಮಿಶಿಗನ್ ಸರೋವರ ಹೆಪ್ಪುಗಟ್ಟುವ ಮೊದಲು ಇನ್ನೊಂದೇ ಟ್ರಿಪ್ ಎಂದು ಹೊರಟದ್ದು ಶಿಕಾಗೋ ಮುಟ್ಟಲಿಲ್ಲ. ಹಿಮದ ನಡುವೆ ಹಾಯಿ ಹರಿದಿದ್ದ ಅದನ್ನು ಲೈಟ್‌ಹೌಸಿನ ಕಾವಲುಗಾರನೊಬ್ಬ ಕಂಡಿದ್ದ, ಅಷ್ಟೇ. ಎಲ್ಲಿ ಮುಳುಗಿತೆಂದು ನೂರಕ್ಕೂ ಹೆಚ್ಚು ವರ್ಷವಾದರೂ ಯಾರಿಗೂ ಗೊತ್ತಿರಲಿಲ್ಲ.

ಆಂಟಿ ಅದನ್ನು ಸವತಿ ಎಂದೇ ಕರೆಯುತ್ತಿದ್ದರು. "ಬಾರಮ್ಮ, ಕಾಫಿ ಕುಡಿ. ಇವರು ನನ್ನ ಸವತಿ ಜೊತೆ ಕೆರೆ ತಳದಲ್ಲಿದಾರೆ, ಮೇಲೆ ಬರೋದು ಊಟಕ್ಕೇ," ಎನ್ನುವರು. ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಕಾರಿಲ್ಲದೆ ಕೊತ್ತಂಬರಿ ಸೊಪ್ಪೂ ಸಿಗದ ಈ ಜಾಗದಲ್ಲಿ ದೇವಸ್ಥಾನ, ಇಂಡಿಯನ್ ಸ್ಟೋರ್, ಕಣ್ಣಿನ ಡಾಕ್ಟರು ಎಲ್ಲಕ್ಕೂ ನಾನೇ ಕರೆದೊಯ್ಯುತ್ತಿದ್ದೆ. ನಾನು ಧಾರವಾಡದವಳು. ನನ್ನ ಮಾತು ಕೇಳಿ ಅವರು ನಗುವುದು, ಅವರ ಸಿಹಿ ಸಾಂಬಾರಿಗೆ ನಾನು ಮೂಗು ಮುರಿಯುವುದು, ಹೀಗೆ ನಮ್ಮ ಸ್ನೇಹ ಗಟ್ಟಿಯಾಯಿತು.

ಈ ಹಡಗೇ ಯಾಕೆ ಎಂದು ಒಮ್ಮೆ ಅಂಕಲ್‌ರನ್ನು ಕೇಳಿದ್ದೆ. ಅವರು ಹಳೆಯ ಪೇಪರಿನ ನಕಲು ತಂದು ತೋರಿಸಿದರು. ಅದರಲ್ಲಿ ಕ್ಯಾಪ್ಟನ್ ಹೆಸರಿತ್ತು, ಆರು ನಾವಿಕರ ಹೆಸರಿತ್ತು. ಕೊನೆಯಲ್ಲಿ 'ಮತ್ತು ಅಡುಗೆಯ ಹೆಂಗಸು' ಎಂದಿತ್ತು.

"ನಮ್ಮಮ್ಮ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ನನ್ನನ್ನ ಇಂಜಿನಿಯರಿಂಗ್ ಓದಿಸಿದ್ದು ಕಣಮ್ಮ," ಎಂದರು. "ಮೂವತ್ತು ವರ್ಷ ಎಲ್ರೂ ಅಡುಗೆಯಮ್ಮ ಅಂತ್ಲೇ ಕರೆದರು. ಹೆಸರು ಕೇಳಿದೋರು ಒಬ್ರೂ ಇಲ್ಲ. ಈ ಹಡಗು ಸಿಕ್ಕಿದ್ರೆ, ತಣ್ಣೀರಲ್ಲಿ ಮರ ಕೊಳೆಯೋದಿಲ್ಲ... ಆಕೆ ಪೆಟ್ಟಿಗೆ ಗಿಟ್ಟಿಗೆ ಮೇಲೆ ಹೆಸರು ಇದ್ರೂ ಇರಬಹುದು."

ಅವರಿಗೆ ಬೇಕಿದ್ದದ್ದು ಅಷ್ಟೇ, ಆ ಒಂದು ಹೆಸರು.

ಇನ್ನು ನನ್ನ ಪಾಪದ ಕತೆ. ನಮ್ಮ ಕಡೆ ಕಾಮಣ್ಣನನ್ನು ಸುಡಲು ಕದ್ದ ಕಟ್ಟಿಗೆಯೇ ಆಗಬೇಕು. ಕೊಂಡು ತಂದದ್ದಕ್ಕೆ ಮರ್ಯಾದೆಯಿಲ್ಲ. ಮನೆಯವರು ನೋಡನೋಡುತ್ತಿದ್ದಂತೆ ಹುಡುಗರು ಮುರುಕು ಬಾಗಿಲು, ಕುಂಟು ಮಂಚ ಹೊತ್ತೊಯ್ದರೂ ಆ ದಿನ ಯಾರೂ ಬೈಯುವಂತಿಲ್ಲ. ಆ ವರ್ಷ ಮಾರ್ಚಿನಲ್ಲಿ ನಮ್ಮ ಹಿತ್ತಲಿನ ಫೈರ್ ಪಿಟ್ಟಿನಲ್ಲಿ ಕಾಮದಹನ ಇಟ್ಟುಕೊಂಡಿದ್ದೆವು. ಗ್ಯಾಸ್ ಸ್ಟೇಷನ್ನಿನಿಂದ ತಂದ ಪ್ಲಾಸ್ಟಿಕ್ ಸುತ್ತಿದ ಕಟ್ಟಿಗೆ ನೋಡಿ ನನಗೆ ತಡೆಯಲಾಗಲಿಲ್ಲ. ನಲವತ್ತು ದಾಟಿದ ಹೆಂಗಸು ಸೆರಗು ಸಿಕ್ಕಿಸಿಕೊಂಡು ಕಳ್ಳತನಕ್ಕೆ ಹೊರಟೆ. ಪಕ್ಕದ ಮನೆಯ ಗ್ಯಾರೇಜ್ ಬಾಗಿಲು ತೆರೆದೇ ಇತ್ತು. ಒಳಗೆ ಸೌದೆ ರಾಶಿಯ ಹಿಂದೆ ಹಳೇ ಬೆಡ್‌ಶೀಟಿನ ಕೆಳಗೆ ಎರಡು ಮೊಳ ಉದ್ದದ ಕಪ್ಪಗಿನ ತೊಲೆ ಕಂಡಿತು. ಒಣಗಿ ಖಣಖಣ ಎನ್ನುತ್ತಿತ್ತು. ಸಂಭ್ರಮದಿಂದ ಹೊತ್ತು ತಂದೆ.

ಕತ್ತಲಾಗುವ ಮೊದಲೇ ಬೆಂಕಿ ಹಚ್ಚಿದೆವು. ಎಲ್ಲರೂ ಬಾಯಿ ಬಡಿದುಕೊಂಡು ಲಬೋ ಲಬೋ ಎಂದು ಕೂಗಿದೆವು. ಡಾಂಬರಿನಂಥ ವಾಸನೆ ಎದ್ದಿತು. ತುಸು ತಡವಾಗಿ ಬಂದ ಅಂಕಲ್ ಅಂಗೈ ಕಾಯಿಸುತ್ತ ನಕ್ಕರು.

"ಒಳ್ಳೇ ಸೌದೆ ಕಣಮ್ಮ. ಎಲ್ಲಿಂದ ಹೊಡ್ಕೊಂಡ್ ಬಂದೆ?"

"ನಿಮ್ಮ ಗ್ಯಾರೇಜಿನಾಗಿಂದನ ರೀ ಅಂಕಲ್! ಆ ಮೂಲ್ಯಾಗಿನ ಕರೀ ತೊಲಿ!" ಎಂದೆ ಬೀಗುತ್ತ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಂಕಲ್ ಬೆಂಕಿಯ ಕಡೆ ಒಂದು ಹೆಜ್ಜೆ ಇಟ್ಟು ನಿಂತರು. ಅಷ್ಟರಲ್ಲಿ ತೊಲೆ ಎರಡಾಗಿ ಮುರಿದು ಬಿತ್ತು. ಅವರು ಪ್ರಸಾದದ ಹೋಳಿಗೆ ತಿಂದು ಮನೆಗೆ ಹೋದರು.

ಮರುದಿನ ಬೆಳಗ್ಗೆ ನೋಡಿದರೆ ಹಿಮದಲ್ಲಿ ಮಂಡಿಯೂರಿ ನಮ್ಮ ಬೂದಿ ಕೆದಕುತ್ತಿದ್ದಾರೆ. ಓಡಿಹೋಗಿ ಕೇಳಿದಾಗ ಹೇಳಿದರು. ಹಿಂದಿನ ಶರತ್ಕಾಲದಲ್ಲಿ ದೊಡ್ಡ ಬಿರುಗಾಳಿಯ ಮರುದಿನ ಸರೋವರದ ದಡದಲ್ಲಿ ಆ ತೊಲೆ ಸಿಕ್ಕಿತ್ತಂತೆ. ಅಲ್ಲೇ ಬಿಟ್ಟು ಸರ್ಕಾರದವರಿಗೆ ತಿಳಿಸಬೇಕಿತ್ತು, ಆಸೆಗೆ ಬಿದ್ದು ಹೊತ್ತು ತಂದಿದ್ದರು. ಮೈಮೇಲೆ ಹಡಗಿನ ನಂಬರಿನ ಹಾಗೆ ಕೊರೆದ ಅಂಕಿಗಳಿದ್ದವು, ಅರ್ಧ ಸವೆದಿದ್ದವು. ಫೋಟೋ ನೋಡಿದ ಮ್ಯೂಸಿಯಮ್ಮಿನವರು, ಹೀಗೆ ಗೊತ್ತಾಗುವುದಿಲ್ಲ, ಮರವನ್ನೇ ತನ್ನಿ ಎಂದಿದ್ದರು. ಆ ಹಡಗಿನದ್ದೇ ಎಂದು ಖಾತ್ರಿಯಾದರೆ, ಸಿಕ್ಕ ಜಾಗದ ಆಚೆ ನೀರಿನಲ್ಲಿ ಹುಡುಕಿಸುವ ಮಾತಿತ್ತು. ಮುಳುಗಿದ ಹಡಗಿನ ಮರ ಮನೆಗೆ ಅಶುಭವೆಂದು ಆಂಟಿ ಹೊಸ್ತಿಲು ದಾಟಿಸಲು ಬಿಡುವುದಿಲ್ಲವೆಂದು ಹೆದರಿ, ಯಾರಿಗೂ ಹೇಳದೆ ಸೌದೆಯ ಹಿಂದೆ ಬಚ್ಚಿಟ್ಟಿದ್ದರು. ಮುಂದಿನ ವಾರ ಒಯ್ಯುವವರಿದ್ದರು...

ನಾನು ಗೋಳೋ ಎಂದು ಅತ್ತೆ. ಅವರು ಬೂದಿಯಿಂದ ಈ ಮೊಳೆ ಹೆಕ್ಕಿ, ಪ್ಯಾಂಟಿಗೆ ಒರೆಸಿ, ನನ್ನ ಕೈಗಿಟ್ಟರು. "ಹಬ್ಬದ ದಿನ ಕದ್ದದ್ದಕ್ಕೆ ಬೈಯಬಾರದು ಕಣಮ್ಮ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮ್ಯೂಸಿಯಮ್ಮಿನವರಿಗೆ ಮೊಳೆ ತೋರಿಸಿದೆವು. ಇಂಥ ಮೊಳೆ ಆ ಕಾಲದ ಎಲ್ಲ ಹಡಗುಗಳಲ್ಲೂ ಇರುತ್ತಿತ್ತು ಎಂದು ವಾಪಸು ಕೊಟ್ಟರು. ಆಮೇಲೆ ಪ್ರತಿ ನವೆಂಬರ್ ಅವರನ್ನು ನಾನೇ ಮೂರು ಗಂಟೆ ಡ್ರೈವ್ ಮಾಡಿ ಆ ದಡಕ್ಕೆ ಕರೆದೊಯ್ದೆ. ಇನ್ನೊಂದು ತುಂಡು ಸಿಕ್ಕೀತೆಂದು ಮರಳಿನಲ್ಲಿ ಮೈಲುಗಟ್ಟಲೆ ನಡೆದೆವು. ಏಳು ವರ್ಷ ಹೋದೆವು, ಏನೂ ಸಿಗಲಿಲ್ಲ. ಎಂಟನೆಯ ನವೆಂಬರಿಗೆ ಅವರಿರಲಿಲ್ಲ.

ಮನೆ ಮಾರಿ ಆಂಟಿ ಶಿಕಾಗೋ ಹತ್ತಿರದ ಲೆಮಾಂಟಿನಲ್ಲಿರುವ ತಂಗಿಯ ಮನೆಗೆ ಹೋದರು. ಡ್ರಾಯರಿನಲ್ಲಿ ಮೊಳೆ ಸಿಕ್ಕ ವಾರವೇ ಅದನ್ನು ಬ್ಯಾಗಿಗೆ ಹಾಕಿಕೊಂಡು ಅವರನ್ನು ನೋಡಲು ಹೋದೆ. ದೇವಸ್ಥಾನಕ್ಕೆ ಹೋಗಿಬಂದು ಕಾರಿನಲ್ಲೇ ಕೂತಿದ್ದೆವು. ಮೊಳೆ ತೆಗೆದು ತೋರಿಸಿದೆ. ಆಂಟಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಆವತ್ತು ಗ್ಯಾರೇಜ್ ಬಾಗಿಲು ತೆಗೆದಿಟ್ಟಿದ್ದು ನಾನೇ ಕಣೆ," ಎಂದರು. "ಆ ಮರ ನಾನು ನೋಡಿದ್ದೆ. ಎಂಟು ಜನ ಸತ್ತ ಹಡಗಿಂದು, ಮನೇಲಿ ಹೇಗೆ ಇಟ್ಕೊಳ್ಳೋದು? ಹಬ್ಬದ ನೆಪದಲ್ಲಿ ಯಾರಾದ್ರೂ ಒಯ್ಲಿ ಅಂದ್ಕೊಂಡೆ. ನೀನು ಹೊತ್ಕೊಂಡು ಹೋಗಿದ್ದನ್ನ ಕಿಟಕೀಲಿ ನಿಂತು ನೋಡಿದೆ."

"ಅಂಕಲ್‌ಗೆ ಗೊತ್ತಿತ್ತೇನ್ರೀ?"

"ಆವತ್ತೇ ಹೇಳ್ದೆ. ಅವಳಿಗೆ ಮಾತ್ರ ಹೇಳ್ಬೇಡ, ಅವಳು ಮಾತು ಬಿಟ್ರೆ ನಿನಗೆ ಈ ಊರಲ್ಲಿ ಇನ್ಯಾರಿದಾರೆ ಅಂದ್ರು."

ನನಗೆ ಸಿಟ್ಟು ಬಂತು. ಏಳು ವರ್ಷ ಆ ಚಳಿಗಾಳಿಯಲ್ಲಿ ಅವರ ಬೆನ್ನ ಹಿಂದೆ ಕಳ್ಳಿಯ ಹಾಗೆ ತಲೆ ತಗ್ಗಿಸಿ ನಡೆದಿದ್ದೆನಲ್ಲ! ಅವರ ಮೇಲೂ ಸಿಟ್ಟು ಬಂತು, ಈ ಹೆಂಗಸಿನ ಮೇಲೂ ಬಂತು. ತಿರುಗಿ ನೋಡಿದರೆ ಆಂಟಿ ಬೈಸಿಕೊಳ್ಳಲು ಕಾದವರ ಹಾಗೆ ತಲೆ ತಗ್ಗಿಸಿ ಕೂತಿದ್ದರು. ಮಾತು ಬಾಯಿಗೆ ತಾನಾಗಿಯೇ ಬಂತು.

"ಹಬ್ಬದ ದಿನ ಕದ್ದದ್ದಕ್ಕ ಬೈಬಾರದ್ರೀ ಆಂಟಿ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮೊಳೆಯನ್ನು ಎತ್ತಿಕೊಂಡು, "ಇದನ್ನ ನನಗೆ ಕೊಡ್ತೀಯಾ? ದೇವರ ಮನೇಲಿ ಇಟ್ಕೋತೀನಿ. ಆ ಅಡುಗೆಯವಳಿಗೂ ಒಂದು ದೀಪ ಹಚ್ಚಿದ ಹಾಗಾಗುತ್ತೆ," ಎಂದರು.

ಕೊಟ್ಟು ಬಂದೆ. ಹಡಗು ಇನ್ನೂ ಎಲ್ಲಿದೆಯೋ ಗೊತ್ತಿಲ್ಲ. ಆಕೆಯ ಹೆಸರೂ ಗೊತ್ತಿಲ್ಲ. ಹೆಸರು ಹುಡುಕುತ್ತಿದ್ದವರೂ ಇಲ್ಲ. ಬರುವಾಗ ಹೆದ್ದಾರಿಯ ಒಂದು ಕಡೆ ಸರೋವರ ಕಾಣುತ್ತದೆ. ಆ ಎಕ್ಸಿಟ್ಟಿನಲ್ಲಿ ಇಳಿದು ದಡಕ್ಕೆ ಹೋದೆ. ನವೆಂಬರ್ ಅಲ್ಲದಿದ್ದರೂ ಕತ್ತಲಾಗುವ ತನಕ ನೆಲ ನೋಡುತ್ತ ನಡೆದೆ.