ಅವನ ಮೊಣಕಾಲು, ನನ್ನ ಸೊಂಟ

ನಾನು ಬಿದ್ದದ್ದು ಒಂದು ಭಾನುವಾರ ಬೆಳಿಗ್ಗೆ, ತರಕಾರಿ ಸಿಪ್ಪೆಯನ್ನು ಹಿತ್ತಲಿನ ಹಸಿರು ಡಬ್ಬಿಗೆ ಹಾಕಿ ಬರುವಾಗ. ಕಲ್ಲುಹಾಸಿನ ಮೇಲೆ ಮಂಜು ಗಾಜಿನಂತೆ ಹೆಪ್ಪುಗಟ್ಟಿತ್ತು. ಎಡಗಾಲು ಜಾರಿತು. ಸೊಂಟದ ಹತ್ತಿರ ಏನೋ ಲಟಕ್ಕೆಂದಿತು.

ನಾನು ಕೂಗಲಿಲ್ಲ.

ಒಳಗೆ ನೀವಿಬ್ಬರೂ ನಿಮ್ಮಪ್ಪನ ಜೊತೆ ಫುಟ್ಬಾಲ್ ಮ್ಯಾಚಿಗೆ ಹೊರಡುವ ಗಡಿಬಿಡಿಯಲ್ಲಿದ್ದಿರಿ. ಇರಾ, ನೀನು ಸ್ಕಾರ್ಫ್ ಹುಡುಕುತ್ತಿದ್ದೆ. ಪ್ರಜ್ವಲ, ನೀನು ಆಗಲೇ ಬಾಗಿಲಲ್ಲಿ ಕುಣಿಯುತ್ತಿದ್ದೆ. ಮುಂಬಾಗಿಲು ಮುಚ್ಚಿದ ಸದ್ದು ಕೇಳುವವರೆಗೂ ನಾನು ತುಟಿ ಕಚ್ಚಿ ಮಲಗಿದ್ದೆ. ಬೇಲಿಯಾಚೆಯಿಂದ ಪಕ್ಕದ ಮನೆಯವರು ಇಣುಕಿ, "ಆರ್ ಯು ಓಕೆ?" ಎಂದರು. ಮಲಗಿದಲ್ಲಿಂದಲೇ "ಓಕೆ, ಓಕೆ" ಎಂದೆ. ಅವರು ನಂಬಲಿಲ್ಲ. ಹೋಗಿ ಬೆಲ್ ಒತ್ತಿದರು. ನನ್ನ ಮಗಳು, ನಿಮ್ಮಮ್ಮ ಸರಿತಾ, ಓಡಿ ಬಂದಳು.

ಎಕ್ಸ್-ರೇ ತೆಗೆದರು. ತೊಡೆಯ ಮೂಳೆ ಸೊಂಟಕ್ಕೆ ಸೇರುವಲ್ಲಿ ಮುರಿದಿತ್ತು. ಅಂದೇ ಮಧ್ಯಾಹ್ನ ಆಪರೇಷನ್, ಮೂರು ಸ್ಕ್ರೂ.

ಸಂಜೆ ನೀವು ವಾರ್ಡಿಗೆ ಬಂದಿರಿ. ಪ್ರಜ್ವಲ, ಅತ್ತು ಅತ್ತು ನಿನ್ನ ಕಣ್ಣು ಊದಿದ್ದವು. ನನ್ನ ಎದೆ ತುಂಬಿ ಬಂತು. ತಲೆ ಸವರಿ, "ನನಗೇನೂ ಆಗಿಲ್ಲಪಾ, ಅಳಬ್ಯಾಡ" ಎಂದೆ.

"ಹಿ ಈಸ್ ಔಟ್, ಆಯಿ. ಥ್ರೀ ಮಂತ್ಸ್. ಅವನ ಲಿಗಮೆಂಟ್ ಹರದೈತಿ."

ಆ ಕಣ್ಣೀರು ನನಗಾಗಿ ಬಂದದ್ದಲ್ಲ.

ಅಂದಿನ ಮ್ಯಾಚಿನಲ್ಲಿ ಬಿದ್ದ ನಿಮ್ಮ ಮೆಕ್ಸಿಕೋ ಆಟಗಾರ ಹುಡುಗನ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಆ ಸಂಜೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಗೋಡೆಯ ಮೇಲೆ ಅದು ಸಾಕಷ್ಟು ದೊಡ್ಡ ಅಕ್ಷರದಲ್ಲಿದೆ.

ಮನೆಗೆ ಬಂದ ಮೇಲೆ ನನ್ನ ಮಂಚ ಕೆಳಗಿನ ಹಾಲಿಗೆ ಬಂತು. ಇಲ್ಲಿಯ ಶಾಲೆಯಲ್ಲಿ ಪ್ರತಿ ಮಗುವೂ ತರಗತಿಯ ಮುಂದೆ ನಿಂತು ತನಗಿಷ್ಟವಾದ ವಿಷಯ ಹೇಳಬೇಕಲ್ಲ, ಪ್ರಜ್ವಲ, ನೀನು ಆ ಆಟಗಾರನನ್ನೇ ಆರಿಸಿಕೊಂಡಿದ್ದೆ. ಅಭ್ಯಾಸ ಮಾತ್ರ ನನ್ನ ಮುಂದೆ. "ಯಾಕಪಾ ನನ್ನ ಮುಂದ?" ಎಂದರೆ, "ನೀ ಎದ್ದು ಹೋಗಾಂಗಿಲ್ಲಲ್ಲ" ಎಂದು ನಿನ್ನ ಉತ್ತರ. ಹೀಗೆ ಅವನ ಬದುಕು ನನಗೆ ಬಾಯಿಪಾಠವಾಯಿತು. ಸಣ್ಣ ಊರು. ಅಪ್ಪ ಲಾರಿ ಡ್ರೈವರ್. ಅವ್ವ ಬೀದಿಯ ತಿರುವಿನಲ್ಲಿ ಮೆಕ್ಕೆಜೋಳದ ರೊಟ್ಟಿ ಮಾರುವವಳು. ಹನ್ನೆರಡಕ್ಕೇ ಮನೆ ಬಿಟ್ಟು ದೂರದ ನಗರದ ಕ್ಲಬ್ಬಿನ ಹಾಸ್ಟೆಲ್ ಸೇರಿದ. ಹತ್ತೊಂಬತ್ತಕ್ಕೆ ಸಮುದ್ರ ದಾಟಿ ನಾವಿರುವ ಈ ಐಂಡ್‌ಹೋವನ್‌ಗೆ ಬಂದ. ಮೊದಲ ಚಳಿಗಾಲವೆಲ್ಲ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತ. ಕೊನೆಗೊಂದು ದಿನ ಆಟ ಮುಗಿಯುವ ಹೊತ್ತಿಗೆ ಮೈದಾನಕ್ಕೆ ಇಳಿಸಿದರು. ತಲೆಯಿಂದ ಗೋಲು ಹೊಡೆದ. ಆಮೇಲೆ ಗೋಲಿನ ಮೇಲೆ ಗೋಲು, ತನ್ನ ದೇಶದ ತಂಡದ ಅಂಗಿ. ಆಮೇಲೆ ಈ ಮೊಣಕಾಲು.

ಎಲ್ಲದಕ್ಕೂ ಉರಿದುಕೊಂಡೆ. ಅವನು ಒಂದೇ ವರ್ಷದಲ್ಲಿ ಇಲ್ಲಿಯವರ ಭಾಷೆಯಲ್ಲಿ ಸಂದರ್ಶನ ಕೊಡುತ್ತಿದ್ದ. ಆರು ವರ್ಷವಾದರೂ ನನಗೆ ಬರುವುದು ಧನ್ಯವಾದ, ಹೋಗಿ ಬನ್ನಿ, ಎರಡೇ. ಫ್ರಿಜ್ಜಿನ ಮೇಲೆ ಅವನ ಕಾಲು ಈ ವಾರ ಎಷ್ಟು ಮಡಚುತ್ತದೆ ಎಂದು ಇರಾ, ನೀನು ಬರೆದಿಡುತ್ತಿದ್ದೆ. ನನ್ನ ವ್ಯಾಯಾಮದ ಹಾಳೆ ಅದರ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಅವನ ಅವ್ವ ವಿಮಾನ ಹತ್ತಿ ಬಂದು ರೊಟ್ಟಿ ಮಾಡಿ ಹಾಕಿದಳಂತೆ. ಅದನ್ನು ಕೇಳಿದ ದಿನ, ಅರವತ್ತಾರರ ನನಗೂ ನಮ್ಮವ್ವ ಬೇಕೆನಿಸಿತು.

ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಅವನು ಬಿದ್ದ ವಿಡಿಯೋ. ಹುಲ್ಲನ್ನು ಕೈಯಿಂದ ಬಡಿಯುತ್ತ ಕೂಗುತ್ತಾನೆ. ಇಡೀ ಸ್ಟೇಡಿಯಂ ಎದ್ದು ನಿಲ್ಲುತ್ತದೆ. ನಮ್ಮೂರ ಶಾಲೆಯಲ್ಲಿ ಏಟು ತಿಂದು "ಆ" ಎಂದವರಿಗೆ ಇನ್ನೊಂದು ಏಟು ಬೀಳುತ್ತಿತ್ತು. ನಿಮ್ಮ ಮುತ್ಯಾ, ನನ್ನ ಯಜಮಾನರು, ಹೋದಾಗಲೂ ನಾನು ಸೆರಗಿನೊಳಗೇ ಅತ್ತವಳು. ಇಷ್ಟು ಜನರ ಮುಂದೆ ಅಷ್ಟು ಜೋರಾಗಿ ನೋವೆನ್ನಲು ಅವನಿಗೆ ಯಾರು ಕಲಿಸಿದರು?

ವಾರಕ್ಕೊಮ್ಮೆ ಫಿಸಿಯೋಥೆರಪಿಯ ಹುಡುಗಿ ಸೈಕಲ್ ಮೇಲೆ ಬರುತ್ತಿದ್ದಳು. ಬಂದವಳೇ ಕೇಳುವಳು: ನೋವು ಹತ್ತರಲ್ಲಿ ಎಷ್ಟು? ಸರಿತಾ ಕನ್ನಡಕ್ಕೆ ತಿರುಗಿಸುವಳು. ಪರರ ಮುಂದೆ ಐದು, ಆರು ಎಂದರೆ ರಂಪ ಮಾಡಿದಂತೆ ಎಂದು ನನ್ನ ಲೆಕ್ಕ. ಸೊನ್ನೆ ಎಂದರೆ ಸುಳ್ಳು.

"ಮೂರು ಅಂತ ಹೇಳವಾ."

"ಖರೇನ ಮೂರ, ಅವ್ವಾ?"

"ಮೂರ."

ಆರನೇ ವಾರದ ಎಕ್ಸ್-ರೇ ಸರಿಯಾಗಿಯೇ ಇತ್ತು. ನೋವು ಬೇರೆ ಥರ ಆದದ್ದು ಅದಾದ ಮೇಲೆ. ಕಾಲೂರಿದರೆ ತೊಡೆಸಂದಿನಲ್ಲಿ ಮೊಳೆ ಇಳಿದಂತೆ. ಸೀರೆಯ ಅಂಚು ಎಡಗಡೆ ನೆಲ ಒರೆಸತೊಡಗಿತು. ಕಾಲು ಗಿಡ್ಡವಾಗಿದೆ ಎಂದು ನನಗೆ ಗೊತ್ತಾಯಿತು. ಆ ಬದಿಯ ನೆರಿಗೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡೆ. ಕೇಳಿದಾಗ ಮೂರು ಎಂದೆ. ಮೂರು ಎಂದವಳನ್ನು ಫಿಸಿಯೋ ಹುಡುಗಿ ಮೆಟ್ಟಿಲು ಹತ್ತಿಸಿದಳು.

ಮತ್ತೆಂದೂ ನಡೆಯಲಾರೆನೇನೋ ಎಂಬ ಹೆದರಿಕೆ ಒಳಗೆ ಕೂತಿತ್ತು. ಆದರೂ ಬಾಯಿ ಬಿಡಲಿಲ್ಲ.

ಮೂರು ತಿಂಗಳು ತುಂಬಿತು. ಅವನು ಮೈದಾನಕ್ಕೆ ಮರಳುವ ಮ್ಯಾಚಿಗೆ ನೀವು ನನ್ನ ಮಂಚದ ಮೇಲೆಯೇ ಕೂತು ಟಿವಿ ಹಚ್ಚಿದಿರಿ. ಅರ್ಧ ಆಟ ಕಳೆದ ಮೇಲೆ ಅವನು ಇಳಿದ. ಸ್ವಲ್ಪ ಹೊತ್ತು ಓಡಿದ. ಆಮೇಲೆ, ಯಾರೂ ಮುಟ್ಟದೆಯೇ, ನಿಂತ. ಹುಲ್ಲಿನ ಮೇಲೆ ಕೂತ. ಕೈ ಎತ್ತಿದ.

ನನಗೆ ಸಂತೋಷವಾಯಿತು.

ಬರೆಯಲು ನಾಚಿಕೆಯಾಗುತ್ತದೆ. ಆದರೆ ನಿಮಗೆ ಸುಳ್ಳು ಹೇಳಲಾರೆ. ಪ್ರಜ್ವಲ, ನೀನು ದಿಂಬಿನಲ್ಲಿ ಮುಖ ಹುದುಗಿಸಿದಾಗ ನಾನು ಒಳಗೊಳಗೇ, ಈಗ ನೋಡು, ಎಂದುಕೊಂಡೆ.

ಮ್ಯಾಚ್ ಮುಗಿದ ಮೇಲೆ ಅವನನ್ನು ಮಾತಾಡಿಸಿದರು.

"ಏನಂತಾನ?" ಎಂದು ಇರಾ, ನಿನ್ನನ್ನು ಕೇಳಿದೆ.

"ನೋವಿತ್ತು, ಹೇಳಿದೆ ಅಂತ."

"ಅಷ್ಟಽ?"

"ಅಷ್ಟಽ, ಆಯಿ. ಹೇಳದಽ ಓಡಿದ್ರ ಪೂರಾ ಹರೀತಿತ್ತು. ಸ್ಮಾರ್ಟ್ ಅದಾನ."

ಅವನಿಗೆ ಅಷ್ಟು ಸುಲಭ. ನನಗ್ಯಾಕಲ್ಲ? ಆ ಸಿಟ್ಟು ಮರುದಿನ ಬೆಳಿಗ್ಗೆಯೂ ಆರಿರಲಿಲ್ಲ. ಫಿಸಿಯೋ ಹುಡುಗಿ ಬಂದು ಎಂದಿನಂತೆ ಕೇಳಿದಳು. ಸರಿತಾ ನನ್ನ ಕಡೆ ನೋಡದೆಯೇ ಮೂರು ಎನ್ನಲು ಹೊರಟಿದ್ದಳು.

"ಎಂಟು."

"ಏನಂದಿ?"

"ಎಂಟ. ಒಂದ ತಿಂಗಳಾತು."

ಆ ಹುಡುಗಿ ಪೆನ್ನು ಕೆಳಗಿಟ್ಟಳು. ನನ್ನನ್ನು ಮಲಗಿಸಿ ಎರಡೂ ಹಿಮ್ಮಡಿ ಜೋಡಿಸಿ ನೋಡಿದಳು. ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿದಳು. ಅಲ್ಲಿ ಎಕ್ಸ್-ರೇ ತೆಗೆದು ನೋಡಿದರೆ ಒಂದು ಸ್ಕ್ರೂ ಹೊರಗೆ ಸರಿದಿತ್ತು, ಮೂಳೆಯ ತಲೆ ಕುಸಿದಿತ್ತು. ಹಾಗೆಯೇ ನಡೆದಿದ್ದರೆ ಕೀಲಿನ ಬಟ್ಟಲೂ ಸವೆಯುತ್ತಿತ್ತು, ಹಿಪ್ ರೀಪ್ಲೇಸ್‌ಮೆಂಟ್ ಮಾಡಬೇಕು ಎಂದರು ಡಾಕ್ಟರು.

ಮರಳುವಾಗ ಕಾರಿನಲ್ಲಿ ಸರಿತಾ ಕೇಳಿದಳು: "ಒಂದ ತಿಂಗಳ ಯಾಕ ಸುಮ್ಮನಿದ್ದಿ?"

"ಎಲ್ಲಾರಿಗೂ ಆ ಹುಡುಗನ ಮೊಣಕಾಲಿನ ಚಿಂತಿ ಇತ್ತಲ್ಲ."

ಅವಳು ಕಾರನ್ನು ಬದಿಗೆ ನಿಲ್ಲಿಸಿದಳು. ಆಮೇಲೆ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಫುಟ್ಬಾಲ್ ಆಡವನ ಮ್ಯಾಲೆ ಹೊಟ್ಟಿಕಿಚ್ಚ ಪಡತಿಯಲ್ಲ, ಅವ್ವಾ" ಎಂದಳು.

ಈಗ ನನ್ನೊಳಗೆ ಲೋಹದ ಕೀಲಿದೆ. ನೆಲದ ಮೇಲೆ ಕೂರಬೇಡಿ ಎಂದಿದ್ದಾರೆ. ದೇವರ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ, ಮೊದಮೊದಲು ಸಂಕೋಚವಾಗುತ್ತಿತ್ತು. ಸೀರೆಯ ಅಂಚು ಎರಡೂ ಕಡೆ ಸಮ ಇದೆ. ಕೋಲು ಹಿಡಿದು ಅಂಗಡಿಯವರೆಗೆ ಹೋಗಿ ಬರುತ್ತೇನೆ. ಅಷ್ಟಕ್ಕೇ ಕೈ ಮುಗಿಯುತ್ತೇನೆ. ಆ ಹುಡುಗನನ್ನು ಉತ್ತರದ ಒಂದು ಚಿಕ್ಕ ಕ್ಲಬ್ಬಿಗೆ ಒಂದು ವರ್ಷಕ್ಕೆಂದು ಕಳಿಸಿದ್ದಾರೆ. ಮತ್ತೆ ಆಡುತ್ತಿದ್ದಾನೆ. ಗೋಲು ಹೊಡೆದರೆ ಪ್ರಜ್ವಲ, ನೀನು ಮೊದಲು ನನಗೆ ಹೇಳುತ್ತೀಯ. ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಎಂದರೆ ಅದೂ ಒಂದು ಮೂರೇ.

ಕಳೆದ ವಾರ ಫಿಸಿಯೋ ಹುಡುಗಿ ಮತ್ತೆ ಕೇಳಿದಳು. ಎರಡು ಎಂದೆ. ಅವಳು ಬರೆಯಲಿಲ್ಲ. ಸರಿತಾಗೆ ಏನೋ ಹೇಳಿದಳು.

"ಇದು ಖರೇ ಎರಡೋ, ನಿಮ್ಮ ಎರಡೋ ಅಂತ ಕೇಳಾಕತ್ತಾಳವಾ."

ನಾನು ಎದ್ದು ನಿಂತೆ. ಎಡಗಾಲನ್ನು ನೆಲಕ್ಕೆ ಊರಿ, ಭಾರ ಹಾಕಿ ನೋಡಿದೆ.

"ನಾಲ್ಕು" ಎಂದೆ.

ಅವಳು ಬರೆದುಕೊಂಡಳು.