ಮೆಲ್ಲಗೆ ಮಾವನ ಹದಿನೆಂಟು ಶೀಟು

ಕೊಟ್ಟಿಗೆಗೆ ತಗಡಿನ ಕಲರ್ ಶೀಟು ಹೊದಿಸುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ನಿಧಾನದಲ್ಲಂತೂ ಇರಲೇ ಇಲ್ಲ. ಶೀಟನ್ನು ಎತ್ತಬೇಕು, ಎಳೆಯಬಾರದು. ಎಳೆದರೆ ಕೆಳಗಿನ ಶೀಟಿನ ಬಣ್ಣ ಗೀರುತ್ತದೆ, ಗೀರಿದಲ್ಲಿ ತುಕ್ಕು ಸಂಸಾರ ಹೂಡುತ್ತದೆ. ಕೆಲಸದ ನಡುವೆ ಇಷ್ಟುದ್ದ ಹೇಳಲು ಪುರುಸೊತ್ತೆಲ್ಲಿ? "ಮೆಲ್ಲಗೆ" ಎಂದಷ್ಟೇ ಹೇಳುತ್ತಿದ್ದ. ಮೂವತ್ತು ವರ್ಷ ಹೇಳಿ ಹೇಳಿ ಅದೇ ಹೆಸರಾಗಿ, ಎಲ್ಲರ ಬಾಯಲ್ಲೂ ಮೆಲ್ಲಗೆ ಮಾವನಾದ. ಸಂಜೆ ಕೆಲಸ ಮುಗಿದ ಮೇಲೆ ಬರಿಗಾಲಲ್ಲಿ ಸೂರು ಹತ್ತಿ, ಸ್ಕ್ರೂ ಕೊರೆದಾಗ ಬಿದ್ದ ಕಬ್ಬಿಣದ ಪುಡಿಯನ್ನೆಲ್ಲ ಪೊರಕೆಯಿಂದ ಗುಡಿಸಿಯೇ ಇಳಿಯುತ್ತಿದ್ದ. ಮನೆಯ ಕಸ ಒಂದು ದಿನ ಗುಡಿಸದ ಗಂಡಸು ಊರವರ ಸೂರು ಗುಡಿಸುತ್ತಾನೆಂದು ಹೆಂಡತಿ ಕಂಡಕಂಡವರ ಹತ್ತಿರ ಆಡಿಕೊಳ್ಳುತ್ತಿದ್ದಳು.

ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ ಅವನ ಸ್ವಂತ ಕೊಟ್ಟಿಗೆಯೇ ಜರಡಿಯಂತೆ ಸೋರುತ್ತಿತ್ತು. ಅಲ್ಲಿ ಹೆಂಡತಿಯ ನಾಲ್ಕು ಹಸುಗಳಿದ್ದವು. ಅದರಲ್ಲಿ ಹಿರಿಯದಕ್ಕೆ ಮೇಡಂ ಎಂದು ಹೆಸರು. ಯಾರು ಎಷ್ಟು ಎಳೆದರೂ ತನಗೆ ಮನಸ್ಸಾದಾಗಲೇ ಹೆಜ್ಜೆ ಎತ್ತುವ ಹಸು. ಹೋದ ಸಲ ಮೇಡಂ ಹಾಕಿದ ಕರು ಸೋರುವ ಸೂರಿನಡಿ ನೆನೆದು ಎಂಟು ದಿನ ಮಾತ್ರ ಬದುಕಿತ್ತು. ಈ ಸಲ ಮತ್ತೆ ತುಂಬು ಗಬ್ಬ. ಕರು ಹಾಕುವುದರೊಳಗೆ ಹೊಸ ಸೂರು ಆಗಲೇಬೇಕೆಂದು ಹೆಂಡತಿ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದಳು.

ಮಾವ ಶೀಟು ಆರಿಸಲು ಹೊರಟ. ಅಂಗಡಿಯವರು ಮೇಲಿನ ಹೊಳಪು ತೋರಿಸಿದರೆ ಇವನು ಶೀಟು ಮಗುಚಿ ಅಡಿಭಾಗ ನೋಡುತ್ತಿದ್ದ. ಮಳೆ ಬೀಳುವುದು ಮೇಲಲ್ಲವೇ ಎಂದು ಒಬ್ಬ ಅಂಗಡಿಯವನು ನಕ್ಕ.

"ಮಳೆ ಮೇಲಿಂದ ಬರತ್ತೆ, ಸರಿ. ಸಗಣಿ ಗಂಜಲದ ಹಬೆ ಕೆಳಗಿಂದ ಬರತ್ತಲ್ಲ, ಕೊಟ್ಟಿಗೆ ಶೀಟನ್ನ ತಿನ್ನೋದು ಅದು," ಎಂದ ಮಾವ.

ಎರಡೂ ಬದಿಗೆ ದಪ್ಪ ಲೇಪ ಇರುವ ಶೀಟು ಸಿಗಲು ಹನ್ನೊಂದು ದಿನ ಹಿಡಿಯಿತು. ಹೆಂಡತಿಯ ತಾಳ್ಮೆ ಅಷ್ಟು ದಿನ ಬಾಳಲಿಲ್ಲ.

"ನನ್ನನ್ನ ಒಪ್ಪಕ್ಕೆ ನಿಮಗೆ ಅರ್ಧ ಗಂಟೆ ಸಾಕಾಗಿತ್ತು."

"ಅದಕ್ಕೇ ಈಗ ಹುಷಾರಾಗಿದೀನಿ," ಎಂದು ಮಾವ ಹೇಳಿದ. ಅವತ್ತು ಅವನಿಗೆ ಊಟ ತಡವಾಗಿ ಸಿಕ್ಕಿತು.

ಇಷ್ಟೆಲ್ಲ ಹುಷಾರಿನವನು ಕೊನೆಗೆ ಎಡವಿದ್ದು ಆತುರದಲ್ಲಿ. ಮಧ್ಯಾಹ್ನಕ್ಕೆ ಶೀಟು ಬರುತ್ತದೆಂಬ ಮಾತು ನಂಬಿ ಬೆಳಗ್ಗೆಯೇ ಹಳೆಯ ಸೂರು ಕಿತ್ತುಬಿಟ್ಟ. ಮೂರು ಹಸು ಪಕ್ಕದವರ ಕೊಟ್ಟಿಗೆಗೆ ಹೋದವು, ಮೇಡಂ ಕದಲಲಿಲ್ಲ. ಶೀಟಿನ ಜೊತೆಗೇ ಮಳೆಯೂ ಬಂತು. ಹೆಂಡತಿಯ ತಮ್ಮ ಟೆಂಪೋದಲ್ಲಿ ಹೊರೆಗೆ ಟಾರ್ಪಾಲು ಹೊದಿಸಿಯೇ ತಂದಿದ್ದ, ಆದರೂ ಸಂದಿಗಳಿಗೆ ನೀರು ಇಳಿದಿತ್ತು. ಹೀಗೇ ಪೇರಿಸಿ ಮುಚ್ಚಿಡೋಣ, ನಾಳೆ ನೋಡಿದರಾಯಿತು ಎಂದ ತಮ್ಮ. ಒದ್ದೆ ಶೀಟು ಒಂದರ ಮೇಲೊಂದು ಕೂತರೆ ಬಿಳಿ ಕಲೆ ಹಿಡಿಯುತ್ತದೆಂದು ಮಾವ ಒಪ್ಪಲಿಲ್ಲ. ಹದಿನೆಂಟೂ ಶೀಟು ಬಿಡಿಬಿಡಿಯಾಗಿ ಜಗಲಿಯ, ನಡುಮನೆಯ ಗೋಡೆಗೆ ಒರಗಿ ನಿಂತವು. ಟಿ.ವಿ. ಮರೆಯಾಯಿತು. ಅಡುಗೆಮನೆಗೆ ಅಡ್ಡಡ್ಡ ನಡೆದು ಹೋಗಬೇಕಾಯಿತು.

ಹೆಂಡತಿ ಬಾಗಿಲಲ್ಲಿ ನಿಂತು ಮಳೆಯಲ್ಲಿ ನೆನೆಯುತ್ತಿದ್ದ ಮೇಡಂ ಕಡೆ ನೋಡಿದಳು.

"ನಿಮ್ಮ ಶೀಟಿಗೆ ನೆಗಡಿ ಆಗ್ಬಾರದು. ನನ್ನ ಕರುವಿಗೆ ಆದ್ರೆ ಆಗ್ಲಿ."

ಮಾವನಿಗೆ ಆ ಮಾತು ಎದೆಗೇ ನಾಟಿತು. ತಪ್ಪು ತನ್ನದೇ ಎಂದು ಅವನಿಗೆ ಗೊತ್ತಿತ್ತು. ಮಳೆಗಿಳಿದು ಹಗ್ಗ ಬಿಚ್ಚಿ, ಮೇಡಂ ಕಿವಿಯ ಹತ್ತಿರ "ಮೆಲ್ಲಗೆ, ಮೆಲ್ಲಗೆ" ಎಂದ. ಅದೇನು ತೋಚಿತೋ, ಮೇಡಂ ಹೊರಟಳು. ಶೀಟಿಗೆ ಉಗುರು ತಾಕಿದರೂ ಹೌಹಾರುವವನು ಆ ಭಾರಿ ಹಸುವನ್ನು ತನ್ನ ಶೀಟುಗಳ ನಡುವೆ ಜಗಲಿಗೆ ಹತ್ತಿಸಿ, ಒಣಹುಲ್ಲು ಹರಡಿದ.

ಸಂಜೆಯೊಳಗೆ ಮೇಡಂ ಕರು ಹಾಕಿದಳು. ಹೆಣ್ಣು ಕರು. ನೋವಿನ್ನೂ ಇಳಿಯದ ಮೇಡಂ ಒಮ್ಮೆ ಕಾಲು ಝಾಡಿಸಿದಾಗ ಒಂದು ಶೀಟು ಢಣ್ಣೆಂದಿತು. ಎಲ್ಲರೂ ಮಾವನ ಮುಖ ನೋಡಿದರು. ಅವನು ತನ್ನ ಟವೆಲಿನಿಂದ ಕರುವಿನ ಮೈ ಒರೆಸುತ್ತಿದ್ದ, ತಿರುಗಿ ಕೂಡ ನೋಡಲಿಲ್ಲ.

ಮಳೆ ನಿಂತ ಮೇಲೆ ಎರಡೇ ದಿನದಲ್ಲಿ ಸೂರು ಎದ್ದಿತು. ಕೊನೆಗೆ ಉಳಿದದ್ದು ಗೊರಸಿನ ತಗ್ಗು ಬಿದ್ದ ಶೀಟು. ಗೀರಿದ ಶೀಟನ್ನು ಅಂಗಡಿಗೆ ಹಿಂದಿರುಗಿಸಿ ಬರುವುದರಲ್ಲಿ ಮಾವ ಹೆಸರುವಾಸಿ. ಇದನ್ನು ಬದಲಾಯಿಸಿ ತರಲೇ ಎಂದು ಹೆಂಡತಿಯ ತಮ್ಮ ಕೇಳಿ, ಟೆಂಪೋದ ಕೀಲಿಕೈ ತೆಗೆದ. ಮಾವ ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದ.

"ಬಣ್ಣ ಒಡೆದಿಲ್ಲ, ಸೋರಲ್ಲ. ಕರು ಕಟ್ಟೋ ಜಾಗದ ಮೇಲೇ ಬರ್ಲಿ ಇದು."

ಮಾವ ಸೂರು ಗುಡಿಸಲು ಪೊರಕೆ ಕೇಳಿದಾಗ ಹೆಂಡತಿ ಕೊಡಲಿಲ್ಲ. ಚಪ್ಪಲಿ ಬಿಟ್ಟು ತಾನೇ ಏಣಿ ಹತ್ತಿದಳು. ಒಂದು ಪುಡಿಯೂ ಉಳಿಯದಂತೆ ಗುಡಿಸಿ, ಮೂಲೆ ಗುಡಿಸಲು ಬರದ ಗಂಡನನ್ನು ಮೇಲಿನಿಂದಲೇ ಹಂಗಿಸಿದಳು.

ಕರು ಹುಟ್ಟಿದ ಒಂಬತ್ತನೆಯ ದಿನ ಮತ್ತೆ ಜಡಿಮಳೆ. ಹೆಂಡತಿ ಮಧ್ಯಾಹ್ನದಿಂದ ಕೊಟ್ಟಿಗೆಯಲ್ಲೇ ಕೂತಿದ್ದಳು. ಹನಿ ಎಲ್ಲಿ ಸೋರೀತೋ ಎಂದು ಮಾವ ತಲೆಗೆ ಗೋಣಿಚೀಲ ಹೊದ್ದು ದಡಬಡ ಓಡಿ ಬಂದ. ಕರು ಮೈಗೆ ಒಂದು ಹನಿಯೂ ತಾಗದೆ, ಆ ತಗ್ಗಿನ ನೇರ ಕೆಳಗೆ, ಅವಳ ಮಡಿಲಿಗೆ ತಲೆಯಿಟ್ಟು ಮಲಗಿತ್ತು.

ಹೆಂಡತಿ ಬಾಯಿಗೆ ಬೆರಳಿಟ್ಟಳು.

"ಮೆಲ್ಲಗೆ ಬನ್ನಿ."