ಸಾಕವ್ವನ ಜೊತೆ ಬೀಳಗಿಗೆ

ಬನಹಟ್ಟಿಯಿಂದ ಮುಧೋಳಕ್ಕೆ ಹೋಗುವ ಬೆಳಗಿನ ಬಸ್ಸಿಗೆ ಆಯಿಯನ್ನು ಹತ್ತಿಸಿದಾಗ ಏಳು ಗಂಟೆಯಾಗಿತ್ತು. ಡಿಸೆಂಬರಿನ ಚಳಿ. ಆಯಿ ಎಂದರೆ ನನ್ನ ತಾಯಿಯ ತಾಯಿ, ಸಾಕವ್ವ. ಬನಹಟ್ಟಿಯಲ್ಲಿ ಸೋದರಮಾವನ ಮನೆಯಲ್ಲಿರುತ್ತಾಳೆ; ಆಕೆಯ ಕೈಯ ವಿಭೂತಿ ಎಂದರೆ ಓಣಿಗೆಲ್ಲ ನಂಬಿಕೆ. ವಯಸ್ಸು ತೊಂಬತ್ತು ದಾಟಿದೆ. ಎಷ್ಟು ದಾಟಿದೆ ಎಂದು ಕೇಳಿದರೆ, "ಜಮಖಂಡ್ಯಾಗ ರಾಜಾ ಇದ್ದಾಗ ನಾ ಮಗ್ಗದ ಮುಂದ ಕುಂತು ನೂಲು ಸುತ್ತತಿದ್ದೆ. ಲೆಕ್ಕಾ ನೀನ ಹಾಕು, ಸಾಲ್ಯಾಗ ಕಲಸಾಕಿ" ಎನ್ನುತ್ತಾಳೆ.

ಹೊರಟದ್ದು ಬೀಳಗಿಗೆ, ನನ್ನ ತಂಗಿಯ ಮನೆಗೆ. ತಂಗಿಯ ಮಗಳು ಪೂಜಾಳ ಹೆಣ್ಣುಕೂಸನ್ನು ಅಂದು ತೊಟ್ಟಿಲಿಗೆ ಹಾಕುವುದಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ನಮ್ಮ ಕಡೆ ಸ್ವಾದರತ್ತೆಯ, ಅಂದರೆ ಅಪ್ಪನ ಅಕ್ಕತಂಗಿಯರ ಹಕ್ಕು. ಆದರೆ ಬೀಗರು, "ಐದನೇ ತಲಿ ನೋಡೋ ಹಿರಿಯಾಕಿ ಇದ್ದಾಳ. ಆಕಿನ ಹೇಳ್ಲಿ, ಆಕಿ ಹೆಸರ ಇಡೂಣು" ಎಂದುಬಿಟ್ಟಿದ್ದರು. ತಂಗಿ ಹಿಂದಿನ ದಿನ ನನಗೆ ಫೋನು ಮಾಡಿದಳು.

"ಅಕ್ಕಾ, ಪೂಜಾ ಮೂರು ದಿನದಿಂದ ಅಳಾಕತ್ತಾಳ. ಆದ್ಯಾ ಅಂತ ಇಡಬೇಕಂತ ಆಕಿಗೆ. ಆಯಿ ಮುಂದ ಹೇಳಾಕ ನನಗಂತೂ ಆಗಂಗಿಲ್ಲ. ದಾರ್ಯಾಗ ನೀನ ಹೇಳಿಬಿಡು."

ನಾನು ಜಮಖಂಡಿಯ ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷ ಗಣಿತ ಕಲಿಸಿದವಳು. ಯಾರಿಗೂ ಹೆದರಿದವಳಲ್ಲ. ಒಪ್ಪಿಕೊಂಡೆ.

ಮೊದಲ ತಕರಾರು ಕಂಡಕ್ಟರನ ಜೊತೆ ನಡೆಯಿತು. ಆತ ನಮ್ಮಿಬ್ಬರಿಗೂ ಹೆಂಗಸರ ಉಚಿತ ಟಿಕೀಟು ಹರಿದುಕೊಟ್ಟ. ಆಯಿ ಅದನ್ನು ತಿರುಗಿಸಿ ಕೊಟ್ಟಳು.

"ದೇವರ ಕಾರ್ಯಕ್ಕ ಹೊಂಟೇನಿ ತಮ್ಮಾ. ಪುಕ್ಕಟ ಹೋದ್ರ ಪುಣ್ಯಾ ಎಲ್ಲಾ ಸರಕಾರಕ್ಕ ಹೊಕ್ಕೈತಿ. ರೊಕ್ಕದ ಟಿಕೀಟ್ ಕೊಡು."

"ಆಯಿ, ಹೆಣ್ಮಕ್ಕಳಿಗೆ ರೊಕ್ಕಾ ತಗೊಂಡ್ರ ನನ್ನ ನೌಕರಿ ಹೊಕ್ಕೈತ್ರಿ."

"ಹಂಗಾರ ಗಂಡಸಂತ ಬರಕೋ."

ಬಸ್ಸಿನಲ್ಲಿ ನಗೆ ಎದ್ದಿತು. ಕಡೆಗೆ ಕಂಡಕ್ಟರ ನಲವತ್ತೈದು ರೂಪಾಯಿಯ ಟಿಕೀಟು ಕೊಟ್ಟು ಹಣೆ ಮುಂದೆ ಮಾಡಿದ. ಆಯಿ ಸೊಂಟದ ಚೀಲದಿಂದ ವಿಭೂತಿ ತೆಗೆದು ಮೂರು ಬೆರಳಿನಿಂದ ಬಳಿದಳು. ಅಲ್ಲಿಂದ ರನ್ನ ಬೆಳಗಲಿ ದಾಟುವವರೆಗೆ ಬಸ್ಸಿನವರಿಗೆಲ್ಲ ವಿಭೂತಿ ಹಚ್ಚುವುದೇ ಆಯಿತು. ಹೆಸರಿನ ಮಾತು ತೆಗೆಯಲು ಸಂದು ಸಿಗಲಿಲ್ಲ.

ಮುಧೋಳದಲ್ಲಿ ಬಸ್ಸು ಬದಲಿಸಬೇಕಿತ್ತು. ಆಯಿ ಹೊರಗೆ ಏನೂ ತಿನ್ನುವುದಿಲ್ಲ. ನಿಲ್ದಾಣದ ಬೆಂಚಿನ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು: ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಇದೇ ಸಮಯವೆಂದು ಶುರು ಮಾಡಿದೆ.

"ಆಯಿ, ಈಗಿನ ಹುಡಿಗ್ಯಾರು ಹೆಂಗಂದ್ರ..."

ಅಷ್ಟರಲ್ಲಿ ಕೆಮ್ಮುವ ಮಗುವನ್ನೆತ್ತಿಕೊಂಡು ಒಬ್ಬ ಹೆಣ್ಣುಮಗಳು ಬಂದಳು. ಆಯಿ ಮಗುವಿನ ಹಣೆಗೆ ವಿಭೂತಿ ಹಚ್ಚಿದಳು. ಅದನ್ನು ಕಂಡು ಹೂವಿನವಳು ಬಂದಳು, ಪರೀಕ್ಷೆಗೆ ಹೊರಟ ಇಬ್ಬರು ಹುಡುಗಿಯರು ಬಂದರು. ನೋಡನೋಡುತ್ತ ಸಾಲು ಬೆಳೆಯಿತು.

"ಯಾವ ಮಠದ ತಾಯಾರ್ರಿ?" ಎಂದು ಒಬ್ಬ ಯಜಮಾನ ಕೈಮುಗಿದ.

"ಮಠಾನೂ ಇಲ್ಲ ಏನೂ ಇಲ್ಲಪಾ. ಮೊಣಕಾಲ ನೋವಿನಾಕಿ ನಾ" ಎಂದಳು ಆಯಿ. ಆತ ಇದನ್ನು ವಿನಯವೆಂದು ತಿಳಿದು ಇನ್ನಷ್ಟು ಬಾಗಿದ.

ನಾನು ಗಡಿಯಾರ ನೋಡಿದೆ. ಬೀಳಗಿ ಬಸ್ಸು ಬಿಡುವ ಹೊತ್ತು ಮೀರಿ ಹತ್ತು ನಿಮಿಷವಾಗಿತ್ತು. ಗಾಬರಿಯಾಗಿ ವಿಚಾರಿಸಿದರೆ, ಅದರ ಡ್ರೈವರನು ಸಾಲಿನಲ್ಲಿ ಕೊನೆಯವನಾಗಿ ನಿಂತಿದ್ದ. ಹಾಗಾಗಿ ಬಸ್ಸು ತಪ್ಪಲಿಲ್ಲ.

ಊರು ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಸಿಕ್ಕಿತು. ಹಿಂದೆ ಎರಡು ಟ್ರೇಲರು, ಮುಂದೆ ಎರಡು ಸ್ಪೀಕರು. ಹಾಡಿನ ಅಬ್ಬರಕ್ಕೆ ಬಸ್ಸಿನ ಕಿಟಕಿಗಳು ನಡುಗುತ್ತಿದ್ದವು. ಬೀಳಗಿ ಹತ್ತಿರವಾಗುತ್ತಿತ್ತು, ಆಯಿಯ ಕಿವಿಯೂ ಸ್ವಲ್ಪ ಮಂದ. ಇನ್ನು ತಡಮಾಡಬಾರದೆಂದು ಆಕೆಯ ಕಿವಿಗೆ ಬಾಯಿ ಇಟ್ಟು, ಇದ್ದ ದನಿಯನ್ನೆಲ್ಲ ಕೂಡಿಸಿ ಕೂಗಿದೆ:

"ಪೂಜಾಗ ನಿನ್ನ ಹೆಸರು ಬ್ಯಾಡಂತ! ಆದ್ಯಾ ಅಂತ ಇಡೂದಂತ!"

ಟ್ರ್ಯಾಕ್ಟರಿನ ಹಾಡು ನನ್ನ ಮೊದಲ ಶಬ್ದಕ್ಕೇ ಮುಗಿದಿತ್ತು.

ಬಸ್ಸೆಲ್ಲ ತಿರುಗಿ ನನ್ನನ್ನು ನೋಡಿತು. "ಇಂಥಾ ದೇವರಂಥಾ ಮುದುಕಿಗೆ ಹಂಗ ಅಂತಾರೇನ್ರಿ?" ಎಂದು ಹಿಂದಿನ ಸೀಟಿನವಳು ಗದರಿದಳು. "ಓದಿದವರ ಹಣೆಬರಹಾನ ಇಷ್ಟು" ಎಂದ ಮತ್ತೊಬ್ಬ. ನಾನು ಶಿಕ್ಷಕಿ ಎಂದು ಅವನಿಗೆ ಹೇಗೆ ತಿಳಿಯಿತೋ. ಆಯಿ ಮಾತ್ರ ಸೆರಗು ಎಳೆದುಕೊಂಡು ಕಿಟಕಿಯ ಕಡೆ ಮುಖ ಮಾಡಿದಳು. ಮುಂದಿನ ಅರ್ಧ ತಾಸು ನನಗೆ ಬಹಳ ಉದ್ದವೆನಿಸಿತು. ಐವತ್ತು ವರ್ಷ ನನ್ನ ಎಲ್ಲ ತಪ್ಪುಗಳನ್ನೂ ಹೊಟ್ಟೆಗೆ ಹಾಕಿಕೊಂಡವಳ ಮನಸ್ಸನ್ನು ನಾನೇ ನೋಯಿಸಿದ್ದೆ.

ಬೀಳಗಿಯ ಮನೆ ಹೆಂಗಸರಿಂದ ತುಂಬಿತ್ತು. ಗುಗ್ಗರಿ ಬೆಂದ ವಾಸನೆ ಓಣಿಯವರೆಗೂ ಬರುತ್ತಿತ್ತು. ಪೂಜಾ ಬಾಗಿಲಲ್ಲೇ ಕಣ್ಣಿನಿಂದ "ಹೇಳಿದ್ಯಾ?" ಎಂದು ಕೇಳಿದಳು. ನಾನು ತಲೆ ತಗ್ಗಿಸಿದೆ. ಆಯಿ ಕೈಕಾಲು ತೊಳೆದು ತೊಟ್ಟಿಲಿಗೆ ಪೂಜೆ ಮಾಡಿ ಕೂಸನ್ನು ಎತ್ತಿಕೊಂಡಳು. ಆಕೆ ಕೂಸಿನ ಕಿವಿಯ ಹತ್ತಿರ ಬಾಗಿದಳು. ಕಿವಿ ಮಂದವಾದ ಮೇಲೆ ಆಯಿಯ ಪಿಸುಮಾತು ಅಡುಗೆಮನೆಯವರೆಗೂ ಕೇಳುತ್ತದೆ.

"ಬೇಕು. ಬೇಕು. ಬೇಕು."

ಬೀಗರು ಮುಖ ಮುಖ ನೋಡಿಕೊಂಡರು. "ಆಯಿ, ಇದೆಂಥಾ ಹೆಸರು?" ಎಂದು ತಂಗಿ ಮೆಲ್ಲಗೆ ಕೇಳಿದಳು.

"ನಾಕು ಹೆಣ್ಣು ಆದಮ್ಯಾಲೆ ನಾ ಐದನೇಯಾಕಿ ಹುಟ್ಟಿದೆ. ನಮ್ಮಪ್ಪ ಮಾರೀನೂ ನೋಡದ ಸಾಕು ಅಂದ. ಅದ ನನಗ ಹೆಸರಾತು" ಎಂದಳು ಆಯಿ. "ನೀವೆಲ್ಲಾ ನನ್ನ ಭಾಳ ಪ್ರೀತಿಲೆ ಕರದೀರಿ, ಖರೆ. ಆದ್ರ ಆ ಮಾತು ಈ ಕೂಸಿಗೆ ಯಾಕ? ಪೂಜಾ, ಅಳಬ್ಯಾಡ ಬಾ ಇಲ್ಲಿ. ಅದೇನೋ ಆದ್ಯಾನೋ ಗೀದ್ಯಾನೋ, ನೆಟ್ಟಗ ಹೇಳಿಕೊಡು. ಅದನ್ನೂ ಹೇಳ್ತೇನಿ."

ಹುಟ್ಟಿದಾಗಿನಿಂದ ಕೇಳಿದ ಹೆಸರು. ಅದಕ್ಕೊಂದು ಅರ್ಥವಿದೆ ಎಂದು ನಮಗಾರಿಗೂ ಹೊಳೆದಿರಲಿಲ್ಲ. ಪೂಜಾ ಹೇಳಿಕೊಟ್ಟಳು. ಆಯಿ ಎರಡು ಸಲ ತಪ್ಪಿ, ಮೂರನೇ ಸಲ ಸರಿಯಾಗಿ ಹೇಳಿದಳು.

ಹೆಸರು ಹೇಳಿದವರ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ನಮ್ಮ ಕಡೆಯ ಪದ್ಧತಿ. ಅಂದು ಯಾರೂ ಕೈ ಎತ್ತಲಿಲ್ಲ. ಆಯಿಯೇ ಬೆನ್ನು ಬಾಗಿಸಿ, "ಯಾಕ ನಿಂತೀರಿ? ಗುದ್ರಿ!" ಎಂದಳು. ಒಬ್ಬೊಬ್ಬರೇ ಬೆರಳ ತುದಿಯಿಂದ ಮುಟ್ಟಿದರು.

"ಇದೇನ್ ಗುದ್ದೋ, ಧೂಳಾ ಜಾಡಸಾಕತ್ತೀರೋ?"

ನಾನು ಮುಂದೆ ಹೋಗಿ ಒಂದು ಗುದ್ದಿದೆ. "ಹಾಂ, ಛಲೋ ಆತು" ಎಂದು ಆಯಿ ಬಾಯಿ ತುಂಬ ನಕ್ಕಳು. ಬಸ್ಸಿನ ಮಾತಿಗೆ ನನಗೆ ಸಿಕ್ಕ ಕ್ಷಮೆ ಅದೇ ಎಂದುಕೊಂಡೆ.

ನಾಲ್ಕು ಗಂಟೆಗೆ ನಾನು ಜಮಖಂಡಿ ಬಸ್ಸಿಗೆ ಹೊರಟೆ. ಆಯಿಯನ್ನು ಕಳಿಸಲು ತಂಗಿ ಒಪ್ಪಲಿಲ್ಲ. ಬನಹಟ್ಟಿಯಿಂದ ಸೋದರಮಾವ ಆಗಲೇ ಎರಡು ಸಲ ಫೋನು ಮಾಡಿ, "ಯಾವಾಗ ಕಳಸ್ತೀರಿ? ಓಣಿ ಮಂದಿ ಕೇಳಾಕತ್ತಾರ" ಎಂದಿದ್ದ. ಹೋಗಿ ಬರುತ್ತೇನೆಂದು ಹೇಳಲು ಒಳಗೆ ಹೋದೆ. ಆಯಿ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ತೂಗುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ತುಟಿಯ ಮೇಲೆ ಬೆರಳಿಟ್ಟು ಕಣ್ಣಲ್ಲೇ ಗದರಿದಳು. ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳಿಯ ಹಾಗೆ ಹೊರಗೆ ಬಂದೆ. ಬೀದಿಯಿಂದ ಒಮ್ಮೆ ಕಿಟಕಿಯೊಳಗೆ ಇಣುಕಿದೆ. ಕೂಸು ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ನಿದ್ದೆ ಹತ್ತಿದ್ದು ಆಯಿಗೆ.